ಎಡದಿಂದ ಬಲಕ್ಕೆ, ಹದಿನಾಲ್ಕು

ಪಂಢರಿನಾಥ ಮಾಸ್ತರರು ಸಿಟ್ಟು ಬಂದರೆ ಬಾಯಿ ಮಾಡುವವರಲ್ಲ, ಪದಬಂಧ ಮಾಡುವವರು. ಮಗ್ಗುಲ ಮನೆಯವರು ಕಾರು ತಂದು ಇವರ ಬಾಗಿಲಿಗೆ ಅಡ್ಡ ನಿಲ್ಲಿಸಲಿ, ಬ್ಯಾಂಕಿನವರು ಅದೇ ಕಾಗದಕ್ಕೆ ನಾಕು ಸಲ ಓಡಾಡಿಸಲಿ, ಅಲ್ಲಿ ಒಂದು ಮಾತೂ ಆಡುವುದಿಲ್ಲ. ಸಪ್ತಾಪುರದ ತಮ್ಮ ಮನೆಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಕಿಟಕಿ ಹತ್ತಿರದ ಮೇಜಿಗೆ ಕೂತು, ಫೂಟಪಟ್ಟಿ ಹಿಡಿದು ಚೌಕ ಎಳೆಯಲು ಶುರು ಮಾಡುತ್ತಾರೆ. ಆ ವಾರದ ಸುಳಿವುಗಳು ಸ್ವಲ್ಪ ಖಾರವಾಗಿರುತ್ತವೆ, ಅಷ್ಟೆ.

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಕೊನೆಯ ಪುಟದ ಕೆಳಮೂಲೆಯಲ್ಲಿ, ‘ಸಾಹಿತ್ಯ ಪದಬಂಧ’ ಎಂದು ಬರುತ್ತದಲ್ಲ, ಅದು ಇವರದು. ಊರಿನ ಹೆಸರು, ಹಣ್ಣಿನ ಹೆಸರು, ಸಿನೆಮಾ ನಟಿಯ ಹೆಸರು ಇದರೊಳಗೆ ಕಾಲಿಡುವಂತಿಲ್ಲ. ಛಂದಸ್ಸು, ಅಲಂಕಾರ, ನಾಟಕ, ವ್ಯಾಕರಣ, ಇಷ್ಟರಲ್ಲೇ ಎಲ್ಲ ಮುಗಿಯಬೇಕು. ‘ಸಾಲು ಮೂರೇ ಆದರೂ ಬೀಸುವ ಕಲ್ಲಿನ ಮುಂದೆ ಕೂತವಳಿಗೆ ಸಾಕು’ ಎಂದಿದ್ದರೆ ತ್ರಿಪದಿ. ‘ಪದ್ಯ ಓದುವವನು ಉಸಿರು ಎಳೆದುಕೊಳ್ಳುವ ಜಾಗ’ ಎಂದರೆ ಯತಿ. ‘ನಾಟಕ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ’ ಎಂದರೆ ನಾಂದಿ. ಗದ್ಯ ಪದ್ಯ ಎರಡೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದರೆ ಅದು ಚಂಪೂ ಎಂದು ಬಿಡಿಸುವವನಿಗೆ ಹೊಳೆಯಬೇಕು.

ಇಂಥದನ್ನೆಲ್ಲ ಈಗಿನ ಕಾಲದಲ್ಲಿ ಯಾರು ಬಿಡಿಸುತ್ತಾರೆ ಎಂದರೆ, ನಮ್ಮ ಧಾರವಾಡದ ಸುತ್ತ ಆ ಜಾತಿಯ ಜನ ಇನ್ನೂ ಸಂಪೂರ್ಣ ಮುಗಿದಿಲ್ಲ. ನಿವೃತ್ತ ಮಾಸ್ತರರು, ಅಂಚೆ ಕಚೇರಿಯಿಂದ ಹೊರಬಿದ್ದವರು, ಮಧ್ಯಾಹ್ನ ನಿದ್ದೆ ಬರದ ಹೆಣ್ಣುಮಕ್ಕಳು, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಕೆಲವರು ಕಾರ್ಡು ಬರೆಯುತ್ತಾರೆ, ಕೆಲವರು ತುಂಬಿದ ಚೌಕದ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಬಹುಮಾನ ಏನೂ ಇಲ್ಲ. ಎರಡು ವಾರ ಬಿಟ್ಟು ಅದೇ ಮೂಲೆಯಲ್ಲಿ ಸರಿಯುತ್ತರ ಕಳಿಸಿದವರ ಹೆಸರು ಬರುತ್ತದೆ. ಅದನ್ನು ನೋಡಿ ಅವರು ಆ ಭಾನುವಾರ ಒಂದು ಕಪ್ ಚಹಾ ಹೆಚ್ಚು ಕುಡಿಯುತ್ತಾರೆ.

ಹೆಸರುಗಳ ಅಕ್ಷರ ಸಾಸಿವೆಯಷ್ಟು ಸಣ್ಣವು. ಮಾಸ್ತರರ ಕಣ್ಣಿಗೆ ಅವು ಹತ್ತುವುದಿಲ್ಲ. ಆದ್ದರಿಂದ ಹೆಂಡತಿ ಅಂಬಾಬಾಯಿ ಪೇಪರು ಹಿಡಿದು ಓದಿ ಹೇಳುವುದು ವಾಡಿಕೆ. ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಾರೆ. ಹೆಸರು ಒಂದೊಂದೇ ಹೋಗುತ್ತವೆ. ಅವರು ಕಾಯುವುದು ಒಂದೇ ಹೆಸರಿಗೆ ಎಂದು ಅಂಬಾಬಾಯಿಗೆ ಗೊತ್ತು. ಅದಕ್ಕೇ ಆಕೆ ಅದನ್ನು ಬೇಕೆಂದೇ ಕಡೆಗೆ ಓದುತ್ತಾಳೆ.

“ಗುರುಬಸವ ಬೆಂಡಿಗೇರಿ, ಕೇಶ್ವಾಪುರ.”

“ಹೂಂ,” ಎಂದು ಮಾಸ್ತರರು ಕಣ್ಣು ತೆರೆಯುತ್ತಾರೆ. ಆ ಹೂಂನಲ್ಲಿ ಸಿಟ್ಟಿದೆಯೋ ಸಮಾಧಾನವಿದೆಯೋ ಎಂಬುದನ್ನು ಅಂಬಾಬಾಯಿ ಇಷ್ಟು ವರ್ಷವಾದರೂ ಬಗೆಹರಿಸಿಕೊಂಡಿಲ್ಲ.

ಗುರುಬಸವ ಉಪ್ಪಿನಬೆಟಗೇರಿಯವನು. ಒಕ್ಕಲುತನದ ಮನೆ, ದೊಡ್ಡ ಅಂಕಣ, ಮನೆ ತುಂಬ ಜನ. ಎಂ.ಎ. ಓದಲು ವಿಶ್ವವಿದ್ಯಾಲಯಕ್ಕೆ ಬಂದಾಗ ಅವನೂ ಪಂಢರಿನಾಥನೂ ಇದೇ ಸಪ್ತಾಪುರದಲ್ಲಿ ಒಂದು ಖೋಲಿ ಹಿಡಿದಿದ್ದರು. ಗುರುಬಸವನ ಊರಿಂದ ಬುತ್ತಿ ಬಂದರೆ ರೊಟ್ಟಿ ಪಂಢರಿನಾಥನಿಗೆ ಮೊದಲು. ಪಂಢರಿನಾಥನ ತಾಯಿ ಕಳಿಸಿದ ಮೆಂತ್ಯದ ಹಿಟ್ಟು ಅವನಿಗೆ ಮೊದಲು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಕ್ಲಾಸು ತಪ್ಪಿಸುತ್ತಿದ್ದ. ನೌಕರಿ ಹತ್ತಿದ ಮೇಲೆ ಒಬ್ಬ ಧಾರವಾಡದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಇನ್ನೊಬ್ಬ ಹುಬ್ಬಳ್ಳಿಯ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕ. ಆದರೂ ರವಿವಾರ ಬಂತೆಂದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು. ಗುರುಬಸವನ ಮಗಳು ಭಾಗ್ಯಶ್ರೀ ಮಾತು ಕಲಿತದ್ದೇ ಪಂಢರಿ ಕಾಕಾನ ತೊಡೆಯ ಮೇಲೆ ಎನ್ನಬೇಕು.

ಆಮೇಲೆ ಪಂಢರಿನಾಥ ಒಂದು ಕವನ ಸಂಕಲನ ತಂದರು. ಹೆಸರು ‘ಎಳೆಬಿಸಿಲ ಎಸಳು.’ ಹರೆಯದಿಂದ ಬರೆದು ಕೂಡಿಟ್ಟದ್ದು. ಅಂಬಾಬಾಯಿ ಮಾತೆತ್ತದೆ ತನ್ನ ಕೈಯ ಬಂಗಾರದ ಬಿಲ್ವಾರ ತೆಗೆದುಕೊಟ್ಟಳು, ಅದರ ದುಡ್ಡಿನಲ್ಲಿ ಪುಸ್ತಕ ಅಚ್ಚಾಯಿತು. ಬಿಡುಗಡೆ ಎಂದ ಮೇಲೆ ಕೃತಿ ಪರಿಚಯಕ್ಕೆ ಒಬ್ಬರು ಬೇಕು. ಗೆಳೆಯನನ್ನು ಬಿಟ್ಟು ಯಾರನ್ನು ಕರೆಯುವುದು?

ಧಾರವಾಡದ ಪುಸ್ತಕ ಬಿಡುಗಡೆಗೆ ಒಂದು ರೀತಿ ರಿವಾಜು ಇದೆ. ಕೃತಿ ಪರಿಚಯ ಮಾಡುವವನು ಮೊದಲು ಹೊಗಳಬೇಕು, ನಡುವೆ ಒಂದು ಸಣ್ಣ ಕೊರತೆ ಹೇಳಬೇಕು, ಕೊನೆಗೆ ಇವರಿಂದ ಇನ್ನೂ ಬರಲಿ ಎಂದು ಹಾರೈಸಬೇಕು. ಆಮೇಲೆ ಎಲ್ಲರೂ ಚೂಡಾ ತಿಂದು ಮನೆಗೆ ಹೋಗಬೇಕು. ಆದರೆ ನಮ್ಮವರಿಗೆ ಇನ್ನೊಂದು ಚಟವೂ ಉಂಟು. ಖರೇ ಮಾತನ್ನು ನಾಕು ಮಂದಿಯ ಎದುರು ಆಡಿದರೇ ಅದು ಖರೇ ಎಂದು ತಿಳಿಯುತ್ತಾರೆ. ಗುರುಬಸವ ಮೈಕಿನ ಮುಂದೆ ನಿಂತು, ಚಷ್ಮಾ ಒರೆಸಿಕೊಂಡು, ನಕ್ಕೋತ ಹೇಳಿದ:

“ನಮ್ಮ ಪಂಢರಿ ಪ್ರಾಸದ ಕೈ ಹಿಡಕೊಂಡು ಹೊಂಟಾನ್ರಿ. ಕವಿತಾ ಹಿಂದ ಉಳದದ್ದು ಅವಂಗ ಗೊತ್ತ ಆಗಿಲ್ಲ.”

ಸಭೆ ನಕ್ಕಿತು. ಮುಂದಿನ ಸಾಲಿನವರು ನಕ್ಕರು, ಮೈಕಿನ ಕೆಲಸದವನೂ ನಕ್ಕ. ಅದಾದ ಮೇಲೆ ಗುರುಬಸವ ಎಷ್ಟೋ ಒಳ್ಳೆಯದನ್ನು ಹೇಳಿದ, ಎರಡು ಪದ್ಯ ಬಾಯಿಂದಲೇ ಅಂದು ತೋರಿಸಿದ. ಅದು ಯಾರ ಕಿವಿಗೂ ಬೀಳಲಿಲ್ಲ. ಪಂಢರಿನಾಥ ವೇದಿಕೆಯ ಮೇಲೆ ಕೊರಳಿಗೆ ಹಾರ ಹಾಕಿಕೊಂಡು ಕೂತವರು ಹಾಗೇ ಕೂತರು. ಆ ವಾರ ಪುಸ್ತಕಗಳ ಗಂಟನ್ನೆಲ್ಲ ಕಟ್ಟಿ ಹಳೇ ಕಾಗದದವನಿಗೆ ಹಾಕಿದರು. ಮತ್ತೆ ಒಂದು ಸಾಲು ಪದ್ಯ ಬರೆಯಲಿಲ್ಲ. ಗುರುಬಸವ ಎರಡು ಮೂರು ಸಲ ಮನೆಗೆ ಬಂದ. ಮಾಸ್ತರರು ಒಳಗೇ ಕೂತು, ಇಲ್ಲ ಎಂದು ಹೇಳಿಸಿದರು. ಅವನಿಗೂ ಸ್ವಾಭಿಮಾನ ಇತ್ತು. ಬರುವುದನ್ನು ಬಿಟ್ಟ.

ಹೀಗೆ ಮುರಿದದ್ದು ಮುರಿದೇ ಹೋಗುತ್ತಿತ್ತೇನೋ. ಆದರೆ ಕೆಲವು ವರ್ಷಗಳ ಮೇಲೆ ಪತ್ರಿಕೆಯವರು ಪದಬಂಧ ಮಾಡಿಕೊಡಿ ಎಂದು ಕೇಳಿದರು. ಮಾಸ್ತರರು ಒಪ್ಪಿದರು. ಹೆಸರಿನ ಜಾಗದಲ್ಲಿ ಬರೀ ‘ಪಂಢರಿ’ ಎಂದು ಹಾಕಿಸಿದರು. ಮೊದಲ ಪಟ್ಟಿಯಲ್ಲೇ ಕೇಶ್ವಾಪುರದ ಹೆಸರು ಬಂತು. ಎರಡನೆಯದರಲ್ಲೂ ಬಂತು.

ಅಲ್ಲಿಂದ ಶುರುವಾಯಿತು ಇವರಿಬ್ಬರ ಜಗಳ, ಅಥವಾ ಮಾತುಕತೆ. ಏನೆಂದು ಕರೆಯಬೇಕೋ ಓದುವವರು ನೋಡಿಕೊಳ್ಳಲಿ. ‘ತಾನು ಬರೆಯಲಾರ, ಬರೆದವನನ್ನು ಬದುಕಗೊಡ’ ಎಂದು ಮಾಸ್ತರರು ಸುಳಿವು ಕೊಟ್ಟರು. ಉತ್ತರ, ವಿಮರ್ಶಕ. ಎರಡು ವಾರಕ್ಕೆ ಗುರುಬಸವನ ಹೆಸರು ಬಂತು. ಯಾರಿಗೂ ನೆನಪಿರದ ಹಳೆಯ ಮಾತ್ರಾಗಣಗಳನ್ನು ಹುಡುಕಿ ಹಾಕಿದರು. ಹೆಸರು ಬಂತು. ಅಲಂಕಾರಶಾಸ್ತ್ರದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ದೋಷಗಳನ್ನೆಲ್ಲ ಎಬ್ಬಿಸಿ ತಂದರು. ಅಂಥ ವಾರಗಳಲ್ಲಿ ಉಳಿದವರು ಕೈಬಿಡುತ್ತಿದ್ದರು. ಪಟ್ಟಿಯಲ್ಲಿ ಒಂದೇ ಹೆಸರು ಉಳಿಯುತ್ತಿತ್ತು, ಅದು ಅವನದೇ. ಅವನನ್ನು ಒಂದು ಸಲವಾದರೂ ಸೋಲಿಸಬೇಕು ಎಂಬುದು ಮಾಸ್ತರರಿಗೆ ವ್ರತದಂತೆ ಆಗಿಹೋಯಿತು. ಅಂಬಾಬಾಯಿ ಚಾಷ್ಟಿ ಮಾಡುತ್ತಿದ್ದಳು.

“ನನಗ ಒಂದು ಚೀಟಿ ಸುದ್ದಾ ಬರದವರಲ್ಲ ನೀವು. ಅವರಿಗೆ ವಾರಾ ವಾರಾ ಬರೀತೀರಿ.”

“ಅದು ಪೇಪರಿಗೆ ಬರಿಯೂದು.”

“ಹೌದ್ ಹೌದ್ರಿ. ಪೇಪರಿಗೆ.”

ಕಳೆದ ದೀಪಾವಳಿ ಆದ ಮೇಲೆ ಒಂದು ಭಾನುವಾರ ಅಂಬಾಬಾಯಿ ಹೆಸರು ಓದಿ ಮುಗಿಸಿ ಪೇಪರು ಮಡಿಚಿದಳು. ಮಾಸ್ತರರು ಕಣ್ಣು ಮುಚ್ಚಿಯೇ ಕಾದರು.

“ಮುಗೀತು. ಇವತ್ತ ಅವರ ಹೆಸರಿಲ್ಲ.”

ಮಾಸ್ತರರು ಎದ್ದು ಕೂತರು. ಚಷ್ಮಾ ಏರಿಸಿ, ಪೇಪರನ್ನು ಕಿಟಕಿಗೆ ಹಿಡಿದು ತಾವೇ ನೋಡಿದರು. ಇರಲಿಲ್ಲ. ಆ ವಾರದ ಪದಬಂಧದಲ್ಲಿ ಅಂಥ ಕಠಿಣವೂ ಏನಿರಲಿಲ್ಲ ಎಂಬುದು ಅವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಪ್ಪಲಿ ಮೆಟ್ಟಿ ಹೋಗಿ ಕಾಲು ಕಿಲೊ ಪೇಢಾ ತಂದರು, ಹೆಂಡತಿಯ ಕೈಯಲ್ಲಿ ಒಂದು ಇಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡರು. ಬಾಳ ದಿನಗಳ ಮೇಲೆ ಅವರ ಮುಖದ ಮೇಲೆ ಹುಡುಗತನ ಬಂದಿತ್ತು. ಅಂಬಾಬಾಯಿ ಪೇಢೆಯನ್ನು ತಿನ್ನದೆ ದೇವರ ಮುಂದೆ ಇಟ್ಟಳು.

ಮುಂದಿನ ಭಾನುವಾರವೂ ಹೆಸರಿಲ್ಲ. ಮಾಸ್ತರರು ಆಗಲೂ ಖುಷಿಯಾದರು, ಆದರೆ ಪೇಢಾ ತರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಖುಷಿ ಹೋಗಿ ಸಿಟ್ಟು ಬಂತು. “ಸೊಕ್ಕು ನೋಡು ಅವನದು. ಈಗ ಇದನ್ನೂ ಬಿಟ್ಟ,” ಎಂದರು. ಆ ವಾರ ಚೌಕ ಎಳೆಯಲು ಕೂತರೆ ಒಂದು ಸುಳಿವೂ ಹುಟ್ಟಲಿಲ್ಲ. ಯಾರ ಸಲುವಾಗಿ ಹುಟ್ಟಬೇಕು?

ಸುದ್ದಿ ತಿಳಿದದ್ದು ಹಳೇ ಪುಸ್ತಕದ ಅಂಗಡಿಯ ಕಾಸಿಮಸಾಬನಿಂದ. ಎಷ್ಟೋ ವರ್ಷಗಳಿಂದ ಇಬ್ಬರಿಗೂ ನಿಘಂಟು, ಹಳೆಯ ಪಠ್ಯ ಒದಗಿಸಿದವನು ಅವನೇ. ಮಾಸ್ತರರು ಸುಮ್ಮನೆ ಅಂಗಡಿಯ ಮುಂದೆ ನಿಂತಿದ್ದಾಗ ಅವನಾಗಿಯೇ ಹೇಳಿದ.

“ಗುರುಬಸವ ಸಾಹೇಬ್ರಿಗೆ ಆರಾಮಿಲ್ಲಂತ್ರಿ. ಹೊಟ್ಟ್ಯಾಗ ಗಂಟು ಆಗೈತಂತ. ಡಾಕ್ಟರು ಮನೀಗೆ ಕರಕೊಂಡು ಹೋಗ್ರಿ ಅಂದಾರಂತ. ನೀವು ಹೋಗಿ ಬಂದಿರಬೇಕಲ್ರಿ?”

ಮಾಸ್ತರರು ಕೈಯಲ್ಲಿ ಹಿಡಿದಿದ್ದ ಪುಸ್ತಕವನ್ನು ತಲೆಕೆಳಗಾಗಿ ಗೂಡಿಗೆ ಸೇರಿಸಿ ಮನೆಗೆ ಬಂದರು. ಊಟಕ್ಕೆ ಕೂತು ಅನ್ನ ಕಲಸಿ, ಹಾಗೇ ಬಿಟ್ಟು ಎದ್ದರು. ಅವರಿಗೆ ಆ ಪೇಢೆಯ ನೆನಪಾಯಿತು. ಗೆಳೆಯ ಹಾಸಿಗೆ ಹಿಡಿದ ಸುದ್ದಿಗೆ ತಾನು ಪೇಢಾ ಹಂಚಿದವನು. ಬೇಸರ, ನಾಚಿಕೆ, ಹೆದರಿಕೆ ಮೂರೂ ಒಟ್ಟಿಗೆ ಬಂದವು.

“ನಾಳೆನ ಹೋಗಿ ಬರ್ರಿ,” ಎಂದಳು ಅಂಬಾಬಾಯಿ. “ಹುಬ್ಬಳ್ಳಿ ಚಿಗರಿ ಬಸ್ಸಿನ್ಯಾಗ ಕೂತ್ರ ಎಷ್ಟೊತ್ತಿನ ಹಾದಿ ಅದ?”

“ಹೋಗಿ ಏನಂತ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ. ಮಗ್ಗುಲದಾಗ ಕೂಡ್ರಿ.”

ಇಷ್ಟು ಸರಳ ಮಾತು ನಮ್ಮ ಮಾಸ್ತರರಿಗೆ ತಿಳಿಯುವುದಿಲ್ಲ. ಅಕ್ಷರ ಕಲಿತ ಗಂಡಸರ ರೋಗ ಇದು. ಎದುರು ಕೂತು ಎರಡು ಹನಿ ಕಣ್ಣೀರು ಹಾಕಿದರೆ ಆಗುವ ಕೆಲಸಕ್ಕೆ ಅವರಿಗೆ ಶೀರ್ಷಿಕೆ ಬೇಕು, ಸಂದರ್ಭ ಬೇಕು, ಸ್ವಾರಸ್ಯ ಬೇಕು. ಇಷ್ಟು ವರ್ಷ ಪದಬಂಧದಲ್ಲೇ ಮಾತಾಡಿದ್ದೇವೆ, ಇದನ್ನೂ ಅದರಲ್ಲೇ ಹೇಳಿದರೆ ಚೆನ್ನ ಎಂದು ಅವರಿಗೆ ಅನ್ನಿಸಿತು. ಅವನು ಹಾಸಿಗೆಯಲ್ಲಿ ಪೇಪರು ತೆಗೆದು ನೋಡಬೇಕು, ನೋಡಿ ನಗಬೇಕು. ಆಮೇಲೆ ತಾವು ಹೋದರೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಈ ಲೆಕ್ಕಾಚಾರ ಅವರಿಗೆ ಬಾಳ ಛಲೋ ಕಂಡಿತು.

ಆ ಪದಬಂಧ ಮುಗಿಸಲು ಮಾಸ್ತರರು ಬಾಳ ಹೊತ್ತು ತೆಗೆದುಕೊಂಡರು. ನಡುವೆ ಎಂಟು ಚೌಕದ ಒಂದು ಉದ್ದ ಸಾಲು, ಎಡದಿಂದ ಬಲಕ್ಕೆ, ಹದಿನಾಲ್ಕು. ಅದನ್ನು ಅಡ್ಡ ಹಾಯುವ ಪದಗಳು ಎರಡೇ. ಉತ್ತರ ಮೊದಲೇ ಗೊತ್ತಿದ್ದವನಿಗಲ್ಲದೆ ಉಳಿದವರಿಗೆ ಅದು ದಕ್ಕುವಂತಿರಲಿಲ್ಲ. ಪದಬಂಧ ಮಾಡುವವನು ಇಂಥದು ಮಾಡಬಾರದು. ಓದುಗನಿಗೆ ಬಾರದ್ದನ್ನು ಕೊಡುವುದು ಈ ಕಸುಬಿನಲ್ಲಿ ಮೋಸ ಮಾಡಿದಂತೆ. ಮಾಸ್ತರರು ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಸುಳಿವು ಹೀಗಿತ್ತು: ‘ಕವಿ ಪ್ರಾಸದ ಕೈ ಹಿಡಿದು ಹೊರಟ, ಕವಿತೆ ಹಿಂದೆ ಉಳಿಯಿತು ಎಂದು ಗೆಳೆಯನೊಬ್ಬ ಸರಿಯಾಗಿಯೇ ಹೇಳಿದ ಸಂಕಲನ.’

‘ಸರಿಯಾಗಿಯೇ’ ಎಂಬ ಒಂದು ಮಾತನ್ನು ಬರೆಯುವುದಕ್ಕೆ ಅವರು ಎರಡು ಸಲ ಮೇಜು ಬಿಟ್ಟು ಎದ್ದು ಹೋಗಿ ಬಂದರು. ‘ಗೆಳೆಯ’ ಎಂಬುದನ್ನು ಬರೆದಾಗ ಮಾತ್ರ ಕೈ ತಡೆಯಲಿಲ್ಲ.

ಹೆಸರಿನ ಪಟ್ಟಿಯ ಜಾಗವೊಂದನ್ನು ಬಿಟ್ಟರೆ ಪುರವಣಿಯ ಪುಟಗಳು ಮುಂಚಿತವಾಗಿ ಸಿದ್ಧವಾಗಿ ಕೂತಿರುತ್ತವೆ. ಇವತ್ತು ಕಳಿಸಿದ ಪದಬಂಧ ಅಚ್ಚಾಗಬೇಕಾದರೆ ಒಂದು ತಿಂಗಳ ಮೇಲಾಗುತ್ತದೆ. ಇದು ಮಾಸ್ತರರಿಗೆ ಗೊತ್ತಿಲ್ಲದ್ದಲ್ಲ. ಪುರವಣಿ ನೋಡಿಕೊಳ್ಳುವ ನಿಶಾತಳಿಗೆ ಫೋನು ಹಚ್ಚಿದರು.

“ನಿಶಾತ, ಈಗ ಕಳಿಸಿದ್ದನ್ನ ಈ ರವಿವಾರನ ಹಾಕ್ಲಿಕ್ಕೆ ಬರ್ತದೇನವ್ವಾ?”

“ಪುಟಾ ಎಲ್ಲಾ ಹೋಗ್ಯಾವ್ರಿ ಸರ್. ಏನರ ಅವಸರ ಐತೇನ್ರಿ? ಇದ್ರ ಹೇಳ್ರಿ, ಸಾಹೇಬ್ರನ್ನ ಕೇಳಿ ನೋಡ್ತೇನಿ.”

ನನ್ನ ಗೆಳೆಯ ಸಾಯಲಿಕ್ಕತ್ತಾನೆ ಎಂದು ಹೇಳಿದ್ದರೆ ಆ ಹುಡುಗಿ ಏನಾದರೂ ಮಾಡುತ್ತಿದ್ದಳು. ಮಾಸ್ತರರ ನಾಲಿಗೆ ಅಷ್ಟು ದೂರ ಬಂದು ಹಿಂದೆ ಸರಿಯಿತು.

“ಇಲ್ಲಿಲ್ಲ. ಅವಸರ ಏನಿಲ್ಲ. ಹಂಗ ಕೇಳಿದೆ,” ಎಂದು ಫೋನು ಇಟ್ಟರು.

ಆ ತಿಂಗಳು ಹೇಗೆ ಕಳೆಯಿತು ಎಂಬುದನ್ನು ಅಂಬಾಬಾಯಿಯನ್ನು ಕೇಳಬೇಕು. ಬೆಳಿಗ್ಗೆ ಎದ್ದರೆ ಕ್ಯಾಲೆಂಡರು, ಮಲಗುವಾಗ ಕ್ಯಾಲೆಂಡರು. ಆಕೆ ದಿನಾ ಹೋಗ್ರಿ ಎನ್ನುವುದು, ಇವರು ಇನ್ನು ಮೂರು ರವಿವಾರ, ಇನ್ನು ಎರಡು ರವಿವಾರ ಎನ್ನುವುದು. ಒಂದು ದಿನ ಆಕೆಗೆ ತಾಳ್ಮೆ ಮೀರಿತು.

“ಅವರೇನು ನಿಮ್ಮ ಪೇಪರು ಬರೂತನಕಾ ಕಾಯ್ತೇನಿ ಅಂತ ಬರದು ಕೊಟ್ಟಾರೇನು? ನೀವು ಹೋಗಲಿಲ್ಲಂದ್ರ ನಾ ಹೋಗ್ತೇನಿ ನೋಡ್ರಿ.”

ಅಂದು ಮಧ್ಯಾಹ್ನ ಮಾಸ್ತರರು ಒಗೆದ ಅಂಗಿ ಹಾಕಿಕೊಂಡು ಹೊರಟರು. ಬಸ್ಸಿಳಿದು ಆಟೋ ಹಿಡಿದು ಕೇಶ್ವಾಪುರ ಮುಟ್ಟಿದರು. ಅಂಗಡಿ, ಮೊಬೈಲಿನ ಬೋರ್ಡು, ಹೊಸ ಅಪಾರ್ಟಮೆಂಟುಗಳ ನಡುವೆ ಆ ಓಣಿ ಗುರುತು ಸಿಗುವುದೇ ಕಷ್ಟವಾಯಿತು. ಮನೆ ಮಾತ್ರ ಹಾಗೇ ಇತ್ತು. ಗೇಟಿಗೆ ಹಸಿರು ಬಣ್ಣ, ಒಳಗೆ ದಾಸವಾಳದ ಗಿಡ. ಹೊರಗಿನ ಖೋಲಿಯ ಕಿಟಕಿ ಅರ್ಧ ತೆರೆದಿತ್ತು, ಒಳಗಿಂದ ಔಷಧದ ವಾಸನೆ ಬರುತ್ತಿತ್ತು. ಮಾಸ್ತರರು ಗೇಟಿನ ಚಿಲಕ ಎತ್ತಿದರು. ಅದು ಕಿರ್ರೆಂದು ಸಪ್ಪಳ ಮಾಡಿತು.

“ಯಾರ್ರಿ?” ಎಂದು ಒಳಗಿಂದ ಒಂದು ಹೆಣ್ಣು ದನಿ ಕೇಳಿತು.

ಯಾರು ಎಂದರೆ ಏನು ಹೇಳುವುದು? ಪಂಢರಿ ಎನ್ನಬೇಕೆ, ಮಾಸ್ತರ ಎನ್ನಬೇಕೆ, ನಿಮ್ಮಪ್ಪನ ಗೆಳೆಯ ಎನ್ನಬೇಕೆ? ಎಂದೋ ಬಾಗಿಲಿಗೆ ಬಂದವನನ್ನು ಇಲ್ಲವೆಂದು ಹೇಳಿಸಿ ಕಳಿಸಿದವರು ಇವರು. ಈಗ ಇವರು ಬಾಗಿಲಿಗೆ ನಿಂತಿದ್ದಾರೆ. ಬರುವ ರವಿವಾರದ ನಂತರ ಬಂದರೆ ಇದು ಎಷ್ಟು ಹಗುರಾಗುತ್ತದೆ, ಇನ್ನು ಎಷ್ಟು ದಿನದ ಮಾತು ಎಂದುಕೊಂಡರು. ಚಿಲಕ ಬಿಟ್ಟು, ಹಿಂದೆ ತಿರುಗಿ ನೋಡದೆ, ಓಣಿಯ ಮೂಲೆ ದಾಟಿ ಬಂದುಬಿಟ್ಟರು. ಮನೆಗೆ ಬಂದು, ಅವ ಮಲಗಿದ್ದ ಎಂದು ಅಂಬಾಬಾಯಿಗೆ ಸುಳ್ಳು ಹೇಳಿದರು.

ಆ ಶುಕ್ರವಾರ ನಸುಕಿನಲ್ಲಿ ಗುರುಬಸವ ತೀರಿಕೊಂಡ. ಕಾಸಿಮಸಾಬ ಫೋನು ಮಾಡಿ ಹೇಳಿದ. ರವಿವಾರಕ್ಕೆ ಇನ್ನು ಎರಡೇ ದಿನ ಇತ್ತು.

ಮಣ್ಣು ಮಾಡಿದ್ದು ಉಪ್ಪಿನಬೆಟಗೇರಿಯಲ್ಲಿ, ಅವರದೇ ಹೊಲದಲ್ಲಿ. ಗಂಡ ಹೆಂಡತಿ ಇಬ್ಬರೂ ಬಸ್ಸು ಹಿಡಿದು ಹೋದರು. ಮನೆಯ ಅಂಗಳದಲ್ಲಿ ಗುರುಬಸವನನ್ನು ಕುಳ್ಳಿರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು, ಭಜನೆಯವರ ತಾಳ. ದೇಹ ಅರ್ಧಕ್ಕರ್ಧ ಇಳಿದಿತ್ತು. ಆದರೂ ತುಟಿಯ ಮೂಲೆಯ ಆ ನಗೆ, ಅವತ್ತು ಮೈಕಿನ ಮುಂದಿದ್ದ ನಗೆ, ಅಲ್ಲೇ ಇದೆಯೇನೋ ಅನ್ನಿಸಿತು. ಹೊಲದಲ್ಲಿ ಎಲ್ಲರಂತೆ ಮಾಸ್ತರರೂ ಒಂದು ಹಿಡಿ ಬಿಲ್ವಪತ್ರಿ ಹಾಕಿದರು. ಅವರ ಕಣ್ಣಲ್ಲಿ ನೀರು ಬರಲಿಲ್ಲ.

ಮಣ್ಣು ಮುಗಿಸಿ ಬಂದು ಕೈಕಾಲು ತೊಳೆದುಕೊಂಡು ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬಾಕೆ ಬಂದು ಎದುರಿಗೆ ನಿಂತಳು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ ಕೂದಲು.

“ಪಂಢರಿ ಕಾಕಾ ಅಲ್ರಿ? ನಾ ಭಾಗ್ಯಾರಿ.”

ಮಾಸ್ತರರು ತಲೆಯಾಡಿಸಿದರು. ಆಕೆ ಅಂಬಾಬಾಯಿಯ ಕೈ ಹಿಡಿದು ಪಕ್ಕದಲ್ಲೇ ನೆಲಕ್ಕೆ ಕೂತಳು. ಅತ್ತು ಅತ್ತು ದನಿ ಒಡೆದಿತ್ತು.

“ಅಪ್ಪಾಜಿ ಕಡೀತನಕಾ ನಿಮ್ಮ ಪದಬಂಧ ಬಿಡಲಿಲ್ರಿ ಕಾಕಾ. ಹೋದ ಐತವಾರದ್ದೂ ಬಿಡಿಸ್ಯಾರ. ಪೆನ್ನು ಹಿಡಿಯಾಕ ಆಗತಿದ್ದಿಲ್ಲ. ನಾ ಓದ್ತಿದ್ದೆ, ಅವರು ಹೇಳ್ತಿದ್ರು, ನಾ ತುಂಬತಿದ್ದೆ.”

“ಮತ್ತ…” ಮಾಸ್ತರರು ಆಕೆಯ ಕಡೆ ತಿರುಗಿದರು. “ಮತ್ತ ಪೇಪರಿನ್ಯಾಗ ಹೆಸರು ಬರಲಿಲ್ಲಲ್ಲ, ಭಾಗ್ಯಾ?”

“ಕಳಸೂದು ಬ್ಯಾಡ ಅಂದ್ರಿ ಅವರು. ಹೆಸರು ಕಾಣಲಿಲ್ಲಂದ್ರ ಪಂಢರಿ ಗಾಬರಿಯಾಗಿ ಹುಡಿಕ್ಕೋತ ಬರ್ತಾನ ನೋಡು ಅಂದ್ರು. ನಾ ಫೋನ್ ಮಾಡ್ತೇನಿ ಅಂತ ಎಷ್ಟ್ ಸಲ ಅಂದೆ. ಬ್ಯಾಡ, ಅವನಾಗೇ ಬರಬೇಕು ಅಂದ್ರು.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೊನ್ನಿ ಒಂದಿನ ಮಧ್ಯಾಹ್ನ ಗೇಟು ಸಪ್ಪಳ ಆತ್ರಿ. ಯಾರ್ರಿ ಅಂದೆ, ಯಾರೂ ಮಾತಾಡಲಿಲ್ಲ. ಅಪ್ಪಾಜಿ ಹಾಸಿಗ್ಯಾಗ ಎದ್ದು ಕೂಡಾಕ ನೋಡಿದ್ರು. ಅಂವನ ಇರಬೇಕು, ಲಗೂನ ಹೋಗಿ ನೋಡು ಅಂದ್ರು. ನಾ ಮೂಲೀತನಕಾ ಓಡಿ ಹೋಗಿ ನೋಡಿ ಬಂದೆ. ಯಾರೂ ಇದ್ದಿದ್ದಿಲ್ಲ.”

ಅಂಬಾಬಾಯಿ ಗಂಡನ ಮುಖ ನೋಡಿದಳು. ಎಲ್ಲ ತಿಳಿಯಿತು ಆಕೆಗೆ. ಭಾಗ್ಯಶ್ರೀಯ ಬೆನ್ನ ಮೇಲೆ ಕೈ ಆಡಿಸುತ್ತ ಕೂತಳು. ಮಾಸ್ತರರು ತಮ್ಮ ಬಲಗೈಯನ್ನು ನೋಡಿಕೊಂಡರು. ಆ ಚಿಲಕ ಎತ್ತಿದ ಕೈ ಅದು. ನಾನೇ ಬಂದಿದ್ದೆ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದರು. ಆ ಹುಡುಗಿಗೆ ಇನ್ನೊಂದು ನೋವು ಯಾಕೆ ಎಂದೋ, ತಮಗೇ ಧೈರ್ಯ ಸಾಲದೆಯೋ, ಮಾತು ಬರಲಿಲ್ಲ. ಇಷ್ಟು ಶಬ್ದ ಕಲಿತ ಮನುಷ್ಯನಿಗೆ ಬೇಕಾದ ಹೊತ್ತಿಗೆ ಒಂದೂ ಒದಗಲಿಲ್ಲ.

ಎರಡು ದಿನ ಬಿಟ್ಟು ಪೇಪರಿನವನು ಎಂದಿನಂತೆ ಗೇಟಿನೊಳಗೆ ಪೇಪರು ಎಸೆದು ಹೋದ. ಮಾಸ್ತರರು ಅದನ್ನು ಎತ್ತಲಿಲ್ಲ. ಬಿಸಿಲೇರಿದ ಮೇಲೆ ಅಂಬಾಬಾಯಿ ತಂದು ಬಿಡಿಸಿ, ಕೊನೆಯ ಪುಟ ನೋಡಿದಳು. ಹದಿನಾಲ್ಕನೆಯ ಸುಳಿವಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡಳು. ಅವಳಿಗೆ ಆ ಸಭೆಯ ಮಾತು ಸರಿಯಾಗಿ ನೆನಪಿರಲಿಲ್ಲ, ಹೆಂಗಸರೆಲ್ಲ ಅಂದು ಹಿಂದೆ ಚೂಡಾ ಕಟ್ಟುತ್ತ ಕೂತಿದ್ದರು. ಆದರೆ ಗೆಳೆಯ ಎಂಬ ಶಬ್ದ ಸಾಕಾಯಿತು.

“ಇದಕ್ಕೇನ್ರಿ ನೀವು ಕಾಯ್ತಾ ಇದ್ದದ್ದು?”

“ಹೂಂ.”

ಆಕೆಗೆ ಗಂಡನ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಕನಿಕರವೂ ಬಂತು. ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು.

ಹತ್ತು ಹನ್ನೆರಡು ದಿನಕ್ಕೆ ನಿಶಾತಳ ಫೋನು ಬಂತು. ಅವಳ ದನಿಯಲ್ಲಿ ಸಂಕೋಚ ಇತ್ತು.

“ಸರ್, ಹದಿನಾಲ್ಕನೇದು ಯಾರಿಗೂ ಬಂದಿಲ್ರಿ. ಮಂದಿ ಬೈದು ಮೆಸೇಜ್ ಹಾಕಾಕತ್ತಾರ. ಇಂಥಾ ಪುಸ್ತಕ ಇಲ್ಲಾ ಅಂತಾರ್ರಿ. ಲೈಬ್ರರ್ಯಾಗ ಹುಡುಕಿದ್ರೂ ಸಿಗಲಿಲ್ಲಂತ. ಉತ್ತರಾ ಏನೋ ನೀವು ಕಳಿಸೀರಿ, ಹಾಕ್ತೇನಿ. ಖರೇ ಅಂದ್ರೂ ಇದು ಯಾರಿಗರ ಬರುವಂಥಾದ್ದು ಹೌದೇನ್ರಿ?”

“ಒಬ್ಬಂವಗ ಬರ್ತಿತ್ತು.”

ಆ ಕಡೆ ನಿಶಾತ ಕಾಗದ ಸರಿಸಿದ ಸಪ್ಪಳವಾಯಿತು.

“ಹಂಗಾರ ಈ ವಾರ ಸರಿಯುತ್ತರ ಯಾರೂ ಕಳಿಸಿಲ್ಲ ಅಂತ ಹಾಕ್ಲ್ಯಾರಿ ಸರ್?”

“ಹಾಕವ್ವಾ,” ಎಂದರು. ಫೋನು ಇಡುವ ಮೊದಲು, “ಇನ್ನ ಮ್ಯಾಲೆ ಯಾರರ ಬ್ಯಾರೇದವರನ್ನ ನೋಡ್ರಿ. ನನ್ನ ಕಡಿಂದ ಆಗೂದಿಲ್ಲ,” ಎಂದರು.

ಆ ಭಾನುವಾರ ಮಾಸ್ತರರು ಎಂದಿನ ಕುರ್ಚಿಯಲ್ಲಿ ಕೂತು ಎಂದಿನಂತೆ ಕಣ್ಣು ಮುಚ್ಚಿದರು. ಕೊನೆಯ ಪುಟದ ಕೆಳಮೂಲೆಯಲ್ಲಿ ತುಂಬಿದ ಚೌಕ ಇತ್ತು. ನಡುವೆ, ಎಡದಿಂದ ಬಲಕ್ಕೆ, ‘ಎಳೆಬಿಸಿಲ ಎಸಳು.’ ಆ ಪುಸ್ತಕ, ಬಿಡುಗಡೆಯ ಆಮಂತ್ರಣ ಪತ್ರಿಕೆ ಬಿಟ್ಟರೆ ಆ ಹೆಸರು ಮತ್ತೆ ಅಚ್ಚಾದದ್ದು ಇದೇ ಮೊದಲು. ಅದರ ಕೆಳಗೆ ಒಂದು ಸಾಲು.

“ಹೆಸರು ಓದು,” ಎಂದರು.

“ಯಾರದೂ ಇಲ್ಲರಿ ಇವತ್ತ.”

“ಕಡೀಕ ನೋಡು. ಅವನ ಹೆಸರು ನೀ ಯಾವಾಗಲೂ ಕಡೀಕ ಓದ್ತೀ.”

ಅಂಬಾಬಾಯಿ ಪೇಪರನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.